ಎವರೆಸ್ಟೂ ರೂತ್ ಮ್ಯಾಲರಿಯೂ
ಊರು ಬಿಟ್ಟು ಬಂದ ನಮಗೆ, ಟಪಾಲಿನ ದಾರಿ ಕಾಯುವ ಮನೆಯವರ ಪಾಡು ಹೊಸದಲ್ಲ. ಇಂಗ್ಲೆಂಡಿನ ಪರ್ವತಾರೋಹಿ ಜಾರ್ಜ್ ಮ್ಯಾಲರಿಯವರ ಮಡದಿ ರೂತ್ ಹಾಗೆ ಕಾದವರು. 1914ರಲ್ಲಿ ಮದುವೆ, ಮಕ್ಕಳು ಮೂವರು. 1921ರಲ್ಲಿ ಪತಿಗೆ ಎವರೆಸ್ಟಿನ ಹುಚ್ಚು ಹತ್ತಿತು. ಮರುವರ್ಷ ಹಿಮಕುಸಿತಕ್ಕೆ ಏಳು ಮಂದಿ ಹೊರೆಯಾಳುಗಳು ಬಲಿಯಾದರು. ಅವರ ಮನೆಗಳಲ್ಲೂ ಕಾಯುವವರಿದ್ದರಷ್ಟೆ! ಆದರೂ ಹುಚ್ಚು ಬಿಡಲಿಲ್ಲ. 1924ರ ಜೂನ್ 8ರಂದು ಅರ್ವಿನ್ ಎಂಬ 22 ವರ್ಷದ ತರುಣನೊಡನೆ ಮೇಲೇರಿದವರು ಮೋಡದಲ್ಲಿ ಮರೆಯಾದರು. ಹನ್ನೊಂದು ದಿನಗಳ ಮೇಲೆ ಕೇಂಬ್ರಿಜ್ಜಿನ ಮನೆಗೆ ತಂತಿ ಬಂದಿತು. ರೂತ್ 1939ರಲ್ಲಿ ಮರುಮದುವೆಯಾಗಿ, 1942ರಲ್ಲಿ ತೀರಿಕೊಂಡರು. ಮ್ಯಾಲರಿಯವರ ದೇಹ ಸಿಕ್ಕಿದ್ದು 1999ರಲ್ಲಿ. ಜೇಬಿನಲ್ಲಿ ಕಾಗದಗಳಿದ್ದವು, ಬಿಲ್ಲುಗಳಿದ್ದವು. ಲೆಕ್ಕ ಬರೆಯುವ ನಮ್ಮ ಕಣ್ಣು ಅಲ್ಲೇ ನಿಂತಿತು. ಶಿಖರದ ಮೇಲೆ ಇಟ್ಟುಬರಲು ಒಯ್ದಿದ್ದರೆಂದು ಮಗಳು ಹೇಳುತ್ತಿದ್ದ ರೂತ್‌ರ ಪಟ ಮಾತ್ರ ಅದರಲ್ಲಿರಲಿಲ್ಲ.