ಲೋಕಗಳ ಹುಟ್ಟನ್ನು ಕಂಡ ಕಾಂಟ್

ಬಾಲ್ಟಿಕ್ ಸಮುದ್ರದ ಸಮೀಪದಲ್ಲಿ, ಪ್ರೆಗೆಲ್ ನದಿಯ ದಡದ ಮೇಲೆ, ಕೋನಿಗ್ಸ್‌ಬರ್ಗ್ ಎಂಬ ಹಳೆಯ ಪಟ್ಟಣವೊಂದಿದ್ದಿತು. ಹದಿನೆಂಟನೆಯ ಶತಮಾನದಲ್ಲಿ ಅದು ಪ್ರಶ್ಯ ರಾಜ್ಯಕ್ಕೆ ಸೇರಿದ್ದ ರೇವುಪಟ್ಟಣ. ಇಂದು ಅದು ರಷ್ಯ ದೇಶದಲ್ಲಿದೆ. ಕಲಿನಿನ್‌ಗ್ರಾಡ್ ಎಂಬುದು ಅದರ ಈಗಿನ ಹೆಸರು. ಈ ಊರಿನಲ್ಲಿ ಹುಟ್ಟಿ, ಇಲ್ಲಿಯೇ ಓದಿ, ಇಲ್ಲಿಯೇ ಪಾಠ ಹೇಳಿ, ಇಲ್ಲಿಯೇ ಕಣ್ಣು ಮುಚ್ಚಿದ ಒಬ್ಬ ಮಹನೀಯನು ತನ್ನ ಜೀವಮಾನದಲ್ಲಿ ಪೂರ್ವ ಪ್ರಶ್ಯದ ಎಲ್ಲೆಯನ್ನು ದಾಟಿ ಹೋದವನಲ್ಲ. ಆದರೂ ಸೂರ್ಯನೂ ಗ್ರಹಗಳೂ ಹುಟ್ಟಿದ ಬಗೆಯನ್ನು ಅವನು ಮನಸ್ಸಿನ ಕಣ್ಣಿನಿಂದ ಕಂಡನು. ಅವನೇ ಜಗತ್ಪ್ರಸಿದ್ಧ ತತ್ತ್ವಜ್ಞಾನಿ ಇಮ್ಯಾನುಯಲ್ ಕಾಂಟ್.

ಕಾಂಟನು 1724ನೆಯ ಇಸವಿ ಏಪ್ರಿಲ್ 22ರಂದು ಜನಿಸಿದನು. ಅವನ ತಂದೆ ಕುದುರೆಗಾಡಿಗಳಿಗೆ ಬೇಕಾಗುವ ತೊಗಲಿನ ಪಟ್ಟಿ, ಲಗಾಮು ಮೊದಲಾದವುಗಳನ್ನು ತಯಾರಿಸುವ ಕಸಬಿನವನು. ದೊಡ್ಡ ಸಂಸಾರ, ಸಣ್ಣ ಸಂಪಾದನೆ. ಆದರೆ ಮನೆಯಲ್ಲಿ ಸತ್ಯಕ್ಕೂ ದುಡಿಮೆಗೂ ಗೌರವವಿದ್ದಿತು. ತಾಯಿ ಆನಾ ರೆಜೀನಾ ದೈವಭಕ್ತೆ. ಆಕೆ ಮಗನನ್ನು ಊರ ಹೊರಗಿನ ಬಯಲಿಗೆ ಕರೆದೊಯ್ದು ಗಿಡಮೂಲಿಕೆಗಳನ್ನು ತೋರಿಸುತ್ತಿದ್ದಳು. ಆಕಾಶದ ವಿಚಾರವಾಗಿ ತನಗೆ ತಿಳಿದಷ್ಟನ್ನು ಹೇಳಿಕೊಡುತ್ತಿದ್ದಳು. ಕಾಂಟನು ಹದಿಮೂರು ವರ್ಷದ ಬಾಲಕನಾಗಿದ್ದಾಗ ಆಕೆ ತೀರಿಕೊಂಡಳು. ತನ್ನಲ್ಲಿ ಒಳ್ಳೆಯತನದ ಬೀಜವನ್ನು ಬಿತ್ತಿದವಳು ತಾಯಿಯೇ ಎಂದು ಅವನು ಮುಪ್ಪಿನಲ್ಲಿಯೂ ಸ್ಮರಿಸುತ್ತಿದ್ದನು.

1740ರಲ್ಲಿ ಅವನು ಕೋನಿಗ್ಸ್‌ಬರ್ಗಿನ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಮಾರ್ಟಿನ್ ಕ್ನುಟ್ಜೆನ್ ಎಂಬ ಅಧ್ಯಾಪಕನು ಈ ವಿದ್ಯಾರ್ಥಿಯ ಬುದ್ಧಿಯನ್ನು ಗುರುತಿಸಿ, ನ್ಯೂಟನ್ನನ ಗ್ರಂಥಗಳನ್ನು ಓದಲು ಕೊಟ್ಟನು. ಆ ಓದು ಕಾಂಟನ ಬಾಳಿಗೆ ಹೊಸ ದಾರಿಯನ್ನು ತೆರೆಯಿತು. ಆದರೆ 1746ರಲ್ಲಿ ತಂದೆಯೂ ಮರಣ ಹೊಂದಲು, ವಿದ್ಯಾಭ್ಯಾಸವನ್ನು ನಿಲ್ಲಿಸುವುದು ಅನಿವಾರ್ಯವಾಯಿತು. ಹಳ್ಳಿಗಾಡಿನ ಕುಟುಂಬಗಳಲ್ಲಿ ಮನೆಪಾಠ ಹೇಳುತ್ತ ಅವನು ಕೆಲವು ವರ್ಷಗಳನ್ನು ಕಳೆದನು. ಹಗಲು ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸ. ಬಿಡುವಿನಲ್ಲಿ ನ್ಯೂಟನ್ನನು ಉತ್ತರ ಹೇಳದೆ ಬಿಟ್ಟಿದ್ದ ಒಂದು ಪ್ರಶ್ನೆಯ ಚಿಂತನೆ.

ಆ ಪ್ರಶ್ನೆ ಯಾವುದು? ಆಗ ತಿಳಿದಿದ್ದ ಗ್ರಹಗಳು ಭೂಮಿಯೂ ಸೇರಿ ಆರು. ಆ ಆರೂ ಸೂರ್ಯನನ್ನು ಒಂದೇ ದಿಕ್ಕಿನಲ್ಲಿ ಸುತ್ತುತ್ತವೆ. ಅವುಗಳ ಕಕ್ಷೆಗಳು ಹೆಚ್ಚುಕಡಮೆ ಒಂದೇ ಸಮತಲದಲ್ಲಿವೆ. ಇದು ಆಕಸ್ಮಿಕವಾಗಿರಲಾರದು. ಆದರೆ ಗ್ರಹಗಳ ನಡುವೆ ಇರುವುದು ಬರಿಯ ಬಯಲು. ಅವೆಲ್ಲವನ್ನೂ ಒಟ್ಟಿಗೆ ತಿರುಗಿಸಬಲ್ಲ ವಸ್ತು ಅಲ್ಲಿ ಯಾವುದೂ ಇಲ್ಲ. ಆದುದರಿಂದ ದೇವರೇ ಸ್ವಹಸ್ತದಿಂದ ಅವುಗಳನ್ನು ಹಾಗೆ ನಡೆಯಿಸಿರಬೇಕೆಂದು ನ್ಯೂಟನ್ನನು ಭಾವಿಸಿದ್ದನು.

ಕಾಂಟನು ಬೇರೆ ರೀತಿಯಲ್ಲಿ ಯೋಚಿಸಿದನು. ಇಂದು ಬರಿದಾಗಿರುವ ಆ ಬಯಲು ಹಿಂದೊಮ್ಮೆ ತುಂಬಿದ್ದಿರಬೇಕು. ಸೂರ್ಯನಲ್ಲಿಯೂ ಗ್ರಹಗಳಲ್ಲಿಯೂ ಇರುವ ವಸ್ತುವೆಲ್ಲ ಆಗ ಸೂಕ್ಷ್ಮ ಕಣಗಳಾಗಿ ಎಲ್ಲೆಡೆ ಹರಡಿದ್ದಿತು. ಗುರುತ್ವಾಕರ್ಷಣೆಯಿಂದ ಕಣಗಳು ನಡುವಿನ ದಟ್ಟವಾದ ಭಾಗದತ್ತ ಬೀಳತೊಡಗಿದುವು. ಬೀಳುವಾಗ ಒಂದಕ್ಕೊಂದು ತಾಗಿ ಪಕ್ಕಕ್ಕೆ ಸರಿದು ಸುತ್ತತೊಡಗಿದುವು. ದೇವಸ್ಥಾನದಲ್ಲಿ ಪ್ರದಕ್ಷಿಣೆ ಮಾಡುವ ದೊಡ್ಡ ಗುಂಪಿನಲ್ಲಿ ಎದುರು ದಿಕ್ಕಿನಿಂದ ಬರುವವನು ಹಲವರಿಗೆ ಡಿಕ್ಕಿ ಹೊಡೆದು, ಕಡೆಗೆ ತಾನೂ ಗುಂಪಿನೊಡನೆ ತಿರುಗಬೇಕಾಗುವುದಷ್ಟೆ! ಹಾಗೆಯೇ ಅಡ್ಡಾದಿಡ್ಡಿಯಾದ ಚಲನೆಗಳು ಅಡಗಿ, ಎಲ್ಲ ಕಣಗಳೂ ಒಂದೇ ದಿಕ್ಕಿನಲ್ಲಿ ಸುತ್ತುವ ಚಪ್ಪಟೆಯಾದ ತಟ್ಟೆಯೊಂದು ರೂಪುಗೊಂಡಿತು. ಅದರ ನಡುವೆ ಕೂಡಿದ ರಾಶಿ ಸೂರ್ಯನಾಯಿತು. ತಟ್ಟೆಯಲ್ಲಿ ಅಲ್ಲಲ್ಲಿ ಗಂಟುಕಟ್ಟಿದ ವಸ್ತು ಸುತ್ತಲಿನದನ್ನು ಸೆಳೆದುಕೊಂಡು ಬೆಳೆದು ಗ್ರಹಗಳಾದುವು. ಸೂರ್ಯನಿಗೆ ನಡೆದುದೇ ಇತರ ನಕ್ಷತ್ರಗಳಿಗೂ ನಡೆದಿರಬೇಕೆಂದು ಕಾಂಟನು ಊಹಿಸಿದನು. ಶನಿಗ್ರಹದ ಆಚೆಗೂ ಗ್ರಹಗಳಿರಬಹುದೆಂದು ಸೂಚಿಸಿದನು.

ಇಂತಹ ವಿಚಾರವನ್ನು ಬರೆಯಲು ಧೈರ್ಯ ಬೇಕಾಗಿದ್ದಿತು. ದೇವರ ಕೈಯಿಂದ ಸೃಷ್ಟಿಕಾರ್ಯವನ್ನು ಕಿತ್ತುಕೊಂಡನೆಂಬ ಆರೋಪ ಬರಬಹುದಾಗಿದ್ದಿತು. ಜಡವಸ್ತುವೂ ನಿಯಮಕ್ಕೆ ಒಳಪಟ್ಟು ಇಷ್ಟು ಸುಂದರವಾದ ವ್ಯವಸ್ಥೆಯನ್ನು ತಾಳುವುದಾದರೆ, ಅದು ಸೃಷ್ಟಿಕರ್ತನ ಹಿರಿಮೆಗೆ ಸಾಕ್ಷಿಯೇ ಹೊರತು ಕುಂದಲ್ಲವೆಂದು ಕಾಂಟನು ಮುನ್ನುಡಿಯಲ್ಲಿ ಸಮಾಧಾನ ಹೇಳಿದನು. 1755ರಲ್ಲಿ ಗ್ರಂಥವು ಅಚ್ಚಾಯಿತು. ಅದನ್ನು ಪ್ರಶ್ಯದ ದೊರೆ ಫ್ರೆಡರಿಕನಿಗೆ ಅರ್ಪಿಸಲಾಗಿದ್ದಿತು. ಆದರೆ ಕರ್ತೃವಿನ ಹೆಸರನ್ನು ಕಾಣಿಸಿರಲಿಲ್ಲ. ಅಷ್ಟರಲ್ಲಿ ಪ್ರಕಾಶಕನು ದಿವಾಳಿಯಾದನು. ಸಾಲಗಾರರ ವ್ಯವಹಾರದಲ್ಲಿ ಅವನ ಸರಕೆಲ್ಲ ಜಪ್ತಿಯಾಗಿ, ಪುಸ್ತಕದ ಪ್ರತಿಗಳು ಉಗ್ರಾಣದಲ್ಲಿ ಉಳಿದುವು. ಓದಬೇಕಾಗಿದ್ದ ವಿದ್ವಾಂಸರ ಕೈಗೆ ಅದು ಸೇರಲಿಲ್ಲ. ವರ್ಷಗಳ ಚಿಂತನೆ ಹೀಗೆ ಕತ್ತಲೆಯ ಕೋಣೆಯ ಪಾಲಾಯಿತು.

ಕಾಂಟನು ಎದೆಗುಂದಲಿಲ್ಲ. ಅದೇ ವರ್ಷ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸಕನಾದನು. ಸಂಬಳವಿಲ್ಲದ ಹುದ್ದೆ ಅದು. ವಿದ್ಯಾರ್ಥಿಗಳು ಕೊಡುವ ಶುಲ್ಕವೇ ಜೀವನಾಧಾರ. ಹದಿನೈದು ವರ್ಷಗಳ ಕಾಲ ಅವನು ಹಾಗೆಯೇ ದುಡಿದನು. 1764ರಲ್ಲಿ ಕಾವ್ಯಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ತಾನಾಗಿ ಬಂದಾಗ, ಅದು ತನ್ನ ವಿಷಯವಲ್ಲವೆಂದು ನಿರಾಕರಿಸಿದನು. 1770ರಲ್ಲಿ ತರ್ಕ ಮತ್ತು ತತ್ತ್ವಶಾಸ್ತ್ರಗಳ ಪ್ರಾಧ್ಯಾಪಕನಾದನು. ಅವನ ಕೀರ್ತಿಗೆ ಕಾರಣವಾದ ಶುದ್ಧ ಬುದ್ಧಿಯ ವಿಮರ್ಶೆಯ ಗ್ರಂಥವು 1781ರಲ್ಲಿ ಹೊರಬಂದಾಗ ಅವನಿಗೆ ಐವತ್ತೇಳು ವರ್ಷ. ಅದೇ 1781ರಲ್ಲಿ ವಿಲಿಯಂ ಹರ್ಷೆಲನು ಇಂಗ್ಲೆಂಡಿನಲ್ಲಿ ಶನಿಯ ಆಚೆಗಿನ ಯುರೇನಸ್ ಗ್ರಹವನ್ನು ಕಂಡುಹಿಡಿದನು. 1791ರಲ್ಲಿ ಹರ್ಷೆಲನ ಬರಹಗಳು ಜರ್ಮನ್ ಭಾಷೆಯಲ್ಲಿ ಪ್ರಕಟವಾದಾಗ, ಕಾಂಟನ ಹಳೆಯ ಗ್ರಂಥದ ಸಾರವನ್ನೂ ಅದರೊಡನೆ ಸೇರಿಸಲಾಯಿತು. ಉಗ್ರಾಣದಲ್ಲಿ ಮರೆಯಾಗಿದ್ದ ವಿಚಾರ ಮೂವತ್ತಾರು ವರ್ಷಗಳ ತರುವಾಯ ಬೆಳಕು ಕಂಡಿತು. 1796ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸನು ಕಾಂಟನ ಗ್ರಂಥದ ನೆರವಿಲ್ಲದೆ ಇದೇ ಬಗೆಯ ಸಿದ್ಧಾಂತವನ್ನು ಮುಂದಿಟ್ಟನು. ಕಾಂಟನು 1804ನೆಯ ಇಸವಿ ಫೆಬ್ರವರಿ 12ರಂದು ತನ್ನ ಊರಿನಲ್ಲಿಯೇ ನಿಧನ ಹೊಂದಿದನು.

ಕಾಂಟನ ವಿಚಾರದಲ್ಲಿ ತಪ್ಪುಗಳೂ ಇದ್ದುವು. ನಿಶ್ಚಲವಾಗಿದ್ದ ಕಣಗಳು ತಮ್ಮ ಡಿಕ್ಕಿಯಿಂದಲೇ ಒಟ್ಟಾಗಿ ಒಂದು ದಿಕ್ಕಿಗೆ ತಿರುಗತೊಡಗಲಾರವು. ಮೂಲದ ಮೋಡದಲ್ಲಿಯೇ ಸ್ವಲ್ಪ ತಿರುಗುವಿಕೆ ಇದ್ದಿರಬೇಕು. ಮತ್ತೊಂದು ತೊಡಕೂ ಇದ್ದಿತು. ಈ ಸಿದ್ಧಾಂತದಂತೆ ಸೂರ್ಯನು ಅತಿ ವೇಗವಾಗಿ ತಿರುಗಬೇಕು. ಆದರೆ ಅವನು ಒಮ್ಮೆ ತಿರುಗಲು ಸುಮಾರು 25 ದಿನಗಳನ್ನು ತೆಗೆದುಕೊಳ್ಳುತ್ತಾನೆ. ಇದರಿಂದ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಜ್ಞಾನಿಗಳು ಸಿದ್ಧಾಂತವನ್ನೇ ಬದಿಗೊತ್ತಿದರು. ಎಳೆಯ ನಕ್ಷತ್ರದ ಕಾಂತಕ್ಷೇತ್ರವೂ ಅದರಿಂದ ಹೊರಚಿಮ್ಮುವ ಅನಿಲವೂ ಅದರ ವೇಗವನ್ನು ತಗ್ಗಿಸುತ್ತವೆಂಬುದು ಅನಂತರ ತಿಳಿಯಿತು.

ಕಣ್ಣಿನ ಸಾಕ್ಷ್ಯ ದೊರೆತುದು ಇನ್ನೂ ತಡವಾಗಿ. 1984ರಲ್ಲಿ ಬೀಟಾ ಪಿಕ್ಟೋರಿಸ್ ಎಂಬ ನಕ್ಷತ್ರದ ಸುತ್ತ ದೂಳಿನ ತಟ್ಟೆಯ ಛಾಯಾಚಿತ್ರ ದೊರೆಯಿತು. 2014ರಲ್ಲಿ ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿರುವ 66 ಆಂಟೆನಾಗಳ ರೇಡಿಯೋ ದೂರದರ್ಶಕವು ವೃಷಭ ರಾಶಿಯ ಎಚ್.ಎಲ್. ಟಾರಿ ಎಂಬ ನಕ್ಷತ್ರದ ಚಿತ್ರವನ್ನು ತೆಗೆಯಿತು. ಅದು ನಮ್ಮಿಂದ ಸುಮಾರು 450 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷ. ಈ ನಕ್ಷತ್ರದ್ದಾದರೋ ಹತ್ತು ಲಕ್ಷ ವರ್ಷಗಳಿಗೆ ಮೀರಿರದೆಂದು ಅಂದಾಜು. ಅದರ ಸುತ್ತಲಿನ ತಟ್ಟೆಯಲ್ಲಿ ಹೊಳೆಯುವ ಉಂಗುರಗಳೂ ಅವುಗಳ ನಡುವೆ ಕಪ್ಪು ತೆರಪುಗಳೂ ಕಂಡುವು. ಬೆಳೆಯುತ್ತಿರುವ ಗ್ರಹಗಳು ದಾರಿಯ ದೂಳನ್ನು ಬಳಿದುಕೊಂಡಲ್ಲಿ ಇಂತಹ ತೆರಪುಗಳು ಉಂಟಾಗಬಹುದು. 2018ರಲ್ಲಿ ಪಿ.ಡಿ.ಎಸ್. 70 ಎಂಬ ಇನ್ನೊಂದು ಎಳೆಯ ನಕ್ಷತ್ರದ ತಟ್ಟೆಯ ತೆರಪಿನಲ್ಲಿ ಬೆಳೆಯುತ್ತಿರುವ ಗ್ರಹವೇ ಕಾಣಿಸಿತು. ಮರುವರ್ಷ ಎರಡನೆಯದೂ ಕಂಡಿತು.

ಕಾಂಟನ ಬಳಿ ಇಂತಹ ಯಂತ್ರಗಳಿರಲಿಲ್ಲ. ತಾಯಿ ತೋರಿಸಿದ ಆಕಾಶ, ಗುರು ಕೊಟ್ಟ ಪುಸ್ತಕ, ಬೇಸರವಿಲ್ಲದ ಚಿಂತನೆ, ಇವಿಷ್ಟೇ ಅವನ ಸಂಪತ್ತು. ಆ ಚಿಂತನೆಯಲ್ಲಿದ್ದ ತಪ್ಪನ್ನು ಮುಂದಿನವರು ತಿದ್ದಿದರು, ಸತ್ಯವನ್ನು ಉಳಿಸಿಕೊಂಡರು. ದಿವಾಳಿಯೆದ್ದ ವ್ಯಾಪಾರಿಯ ಉಗ್ರಾಣದಲ್ಲಿ ಪುಸ್ತಕವನ್ನು ಬೀಗ ಹಾಕಿ ಇಡಬಹುದು. ಅದರೊಳಗಿನ ನಿಜವನ್ನು ಬಹುಕಾಲ ಇಡಲಾಗದು.