ಪಟ್ಟದಕಲ್ಲಿನ ಮಹಾರಾಣಿ ಲೋಕಮಹಾದೇವಿ

ಕಳ್ಳಕವಟಗಿ, ಬಬಲೇಶ್ವರಗಳ ಕಡೆಯಿಂದ ಹೊರಟು ಕೊಲ್ಹಾರದ ಬಳಿ ಕೃಷ್ಣೆಯನ್ನು ದಾಟಿ ದಕ್ಷಿಣಕ್ಕೆ ಸಾಗಿದರೆ, ಮಲಪ್ರಭೆಯ ದಂಡೆಯಲ್ಲಿ ಪಟ್ಟದಕಲ್ಲು ದೊರೆಯುವುದು. 1997ರವರೆಗೆ ಅದು ವಿಜಾಪುರ ಜಿಲ್ಲೆಗೇ ಸೇರಿದ್ದ ಊರು. ಅಲ್ಲಿಯ ವಿರೂಪಾಕ್ಷನ ಗುಡಿಯನ್ನು ಕಂಡು ಕೈಮುಗಿದು ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಆ ಗುಡಿಯನ್ನು ಕಟ್ಟಿಸಿದವಳು ಒಬ್ಬ ಅರಸಿಯೆಂಬುದನ್ನು ಬಲ್ಲವರು ಮಾತ್ರ ವಿರಳ. ಆಕೆಯೇ ಬಾದಾಮಿಯ ಚಾಲುಕ್ಯ ಚಕ್ರವರ್ತಿ ಎರಡನೆಯ ವಿಕ್ರಮಾದಿತ್ಯನ ಪಟ್ಟಮಹಿಷಿ ಲೋಕಮಹಾದೇವಿ. ಆಕೆಯ ಚರಿತ್ರೆಯನ್ನು ಹೇಳುವುದು ಓಲೆಗರಿಯ ಕಾವ್ಯವಲ್ಲ, ಕಲ್ಲಿನ ಶಾಸನಗಳು.

ಲೋಕಮಹಾದೇವಿಯು ಹೈಹಯ ಕುಲದ ರಾಜಪುತ್ರಿ. ಹೈಹಯರನ್ನೇ ಕಳಚುರಿಗಳೆಂದೂ ಕರೆಯುವರು. ನಾಲ್ಕು ಶತಮಾನಗಳ ತರುವಾಯ ಮಂಗಳವೇಡೆಯಿಂದ ಬಂದು ಕಲ್ಯಾಣವನ್ನಾಳಿದ ಬಿಜ್ಜಳನೂ ತನ್ನನ್ನು ಕಳಚುರಿ ಕುಲದವನೆಂದೇ ಹೇಳಿಕೊಂಡನು. ಈ ಅರಸಿಯ ಒಡಹುಟ್ಟಿದ ತಂಗಿ ತ್ರೈಲೋಕ್ಯಮಹಾದೇವಿಯೂ ಅದೇ ಅರಸನ ಕೈಹಿಡಿದಳು. ಮಾವನಾದ ವಿಜಯಾದಿತ್ಯನು ಪಟ್ಟದಕಲ್ಲಿನಲ್ಲಿ ವಿಜಯೇಶ್ವರನ ಗುಡಿಯನ್ನು ಕಟ್ಟಿಸಿದ್ದನು. ಅದನ್ನು ಇಂದು ಸಂಗಮೇಶ್ವರನೆಂದು ಕರೆಯುತ್ತೇವೆ. ಶಿವಭಕ್ತಿಯು ಆ ಮನೆತನಕ್ಕೆ ಹೊಸದಾಗಿರಲಿಲ್ಲ.

ಆ ಕಾಲಕ್ಕೆ ಚಾಲುಕ್ಯರಿಗೂ ಕಂಚಿಯ ಪಲ್ಲವರಿಗೂ ತಲೆತಲಾಂತರದ ಹಗೆಯಿದ್ದಿತು. 642ರ ಸುಮಾರಿನಲ್ಲಿ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಸೂರೆಗೊಂಡಿದ್ದನು. 733ರಲ್ಲಿ ಪಟ್ಟವೇರಿದ ವಿಕ್ರಮಾದಿತ್ಯನು ಯುವರಾಜನಾಗಿದ್ದಾಗಿನಿಂದ ತೊಡಗಿ ಮೂರು ಸಲ ಕಂಚಿಯನ್ನು ಗೆದ್ದನೆಂದು ಶಾಸನಗಳು ಹೇಳುತ್ತವೆ. ಆದರೆ ಕಂಚಿಯನ್ನು ಹೊಕ್ಕ ಅರಸನು ಊರನ್ನು ಸುಡಲಿಲ್ಲ. ಅಲ್ಲಿಯ ರಾಜಸಿಂಹೇಶ್ವರನ ಗುಡಿಯ ಐಶ್ವರ್ಯವನ್ನು ಕಂಡು, ಅದನ್ನು ದೇವರಿಗೇ ಮರಳಿ ಒಪ್ಪಿಸಿದನು. ಈ ಸಂಗತಿಯನ್ನು ಸಾರುವ ಕನ್ನಡ ಶಾಸನವು ಇಂದಿಗೂ ಆ ಗುಡಿಯ ಕಂಬದ ಮೇಲಿದೆ. ಹಗೆಯ ಊರಿನ ಶಿವನೂ ತನ್ನ ಶಿವನೇ ಎಂಬ ಅರಿವು ಗೆದ್ದವನಿಗೆ ಮೂಡುವುದು ಸಾಮಾನ್ಯವಲ್ಲ.

ಪತಿಯ ಈ ವಿಜಯದ ನೆನಪಿಗಾಗಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಗುಡಿಯನ್ನೆತ್ತಿಸಿದಳು. ಆಕೆಯ ಹೆಸರಿನಿಂದ ಅದು ಲೋಕೇಶ್ವರವೆನಿಸಿತು. ಅದೇ ಇಂದಿನ ವಿರೂಪಾಕ್ಷ ದೇವಾಲಯ. ಕಂಚಿಯ ಗುಡಿಯ ಶೈಲಿಯು ಅದರಲ್ಲಿ ಕಾಣುವುದು. ಮುಂದೆ ಎಲ್ಲೋರದ ಕೈಲಾಸಕ್ಕೆ ಇದೇ ಮೇಲ್ಪಂಕ್ತಿಯಾಯಿತೆಂದು ಬಲ್ಲವರು ಹೇಳುವರು. ತಂಗಿಯು ಅದರ ಮಗ್ಗುಲಲ್ಲೇ ತ್ರೈಲೋಕ್ಯೇಶ್ವರನ ಗುಡಿಯನ್ನು ಕಟ್ಟಿಸಿದಳು. ಅದು ಈಗಿನ ಮಲ್ಲಿಕಾರ್ಜುನ ದೇವಾಲಯ.

ಇಲ್ಲಿ ವಾಚಕರಿಗೊಂದು ಸಂದೇಹ ಹುಟ್ಟಬಹುದು. ದೇಹವನ್ನೇ ದೇಗುಲವಾಗಿಸಿಕೊಂಡು, ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಪೂಜಿಸುವ ನಮಗೆ, ಕಲ್ಲಿನ ಗುಡಿಯನ್ನು ಕಟ್ಟಿಸಿದ ಅರಸಿಯ ಚರಿತ್ರೆಯಿಂದೇನು? ಅದೂ ಯುದ್ಧದ ಗೆಲವಿಗಾಗಿ ಎದ್ದ ಗುಡಿ. ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಕಂಡವರಲ್ಲವೆ? ಸಂದೇಹವು ನ್ಯಾಯವಾದುದೇ. ಲೋಕಮಹಾದೇವಿಯನ್ನು ಶರಣೆಯೆಂದು ಕರೆಯುವುದು ಸತ್ಯಕ್ಕೆ ದೂರವಾದ ಮಾತು. ಬಸವಣ್ಣನವರು ಅವತರಿಸಿದ್ದು ಆಕೆಗಿಂತ ಸುಮಾರು ನಾನೂರು ವರುಷಗಳ ಈಚೆಗೆ. ಆದರೂ ಆ ಗುಡಿಯ ಮಹಾದ್ವಾರದ ಶಾಸನಗಳನ್ನು ತಾಳ್ಮೆಯಿಂದ ನೋಡಿದವರಿಗೆ ಬೇರೊಂದು ವಿಷಯ ಹೊಳೆಯುವುದು.

ಆ ಶಾಸನಗಳಲ್ಲಿ ಅರಸು ಅರಸಿಯರ ಹೆಸರುಗಳೊಡನೆ, ಗುಡಿಯನ್ನು ಕಟ್ಟಿದ ಸೂತ್ರಧಾರಿಯ ಹೆಸರೂ ಇದೆ. ಆತನು ಗುಂಡ ಅನಿವಾರಿತಾಚಾರಿ. ಆತನಿಗೆ ತ್ರಿಭುವನಾಚಾರಿ ಎಂಬ ಬಿರುದೂ ಪೆರ್ಜೆರೆಪು ಎಂಬ ಮನ್ನಣೆಯೂ ದೊರೆತವು. ತೆಂಕಣ ಭಾಗವನ್ನು ಕಟ್ಟಿದ ಸರ್ವಸಿದ್ಧಿ ಆಚಾರಿಯ ಹೊಗಳಿಕೆಯೂ ಅಲ್ಲಿದೆ. ಮೂರು ಲೋಕದ ಆಚಾರ್ಯನೆಂಬ ಹೆಸರು ಉಳಿಯನ್ನು ಹಿಡಿದ ಕೈಗೆ ಸಂದಿತು! ಕಾಯಕವೇ ಕೈಲಾಸವೆಂಬ ತತ್ತ್ವವು ನಾಡಿನಲ್ಲಿ ಇನ್ನೂ ಮೊಳಗಿರಲಿಲ್ಲ. ಆದರೆ ಕಾಯಕಜೀವಿಯನ್ನು ಗೌರವಿಸುವ ಕಣ್ಣು ಆ ಅರಮನೆಗಿದ್ದಿತು.

ಇನ್ನೊಂದು ಶಾಸನವು ಹಾಡುಗಾರರಿಗೆ ಸಂಬಂಧಿಸಿದುದು. ವಿಜಯಾದಿತ್ಯನು ಗಂಧರ್ವರಿಗೆ, ಎಂದರೆ ಗಾಯಕರಿಗೆ, ದತ್ತಿಯನ್ನೂ ಕಟ್ಟಳೆಯನ್ನೂ ಮಾಡಿಕೊಟ್ಟಿದ್ದನು. ಲೋಕಮಹಾದೇವಿಯು ಅವನ್ನು ಹಾಗೆಯೇ ಮುಂದುವರಿಸಿ ಸ್ಥಿರಪಡಿಸಿದಳು. ಹೊಸ ದಾನವನ್ನು ಕೊಟ್ಟವರಿಗೆ ಕೀರ್ತಿ ಬರುವುದು. ಹಿರಿಯರು ಕೊಟ್ಟ ಮಾತನ್ನು ನಡೆಸಿಕೊಟ್ಟವರಿಗೆ ಅಷ್ಟು ಕೀರ್ತಿ ಬರುವುದಿಲ್ಲ. ಆದರೆ ದುಡಿಯುವವನ ಒಲೆ ಉರಿಯುವುದು ಎರಡನೆಯದರಿಂದಲೇ.

ರಾಜ್ಯವೈಭವವು ಹೆಚ್ಚು ಕಾಲ ನಿಲ್ಲಲಿಲ್ಲ. ವಿಕ್ರಮಾದಿತ್ಯನ ತರುವಾಯ ಎರಡನೆಯ ಕೀರ್ತಿವರ್ಮನು ಪಟ್ಟಕ್ಕೆ ಬಂದನು. 753ರ ಹೊತ್ತಿಗೆ ರಾಷ್ಟ್ರಕೂಟ ದಂತಿದುರ್ಗನು ಚಾಲುಕ್ಯರ ಬಲವನ್ನು ಮುರಿದನು. 754ರಲ್ಲಿ ಗಂಗೆಯ ಬಡಗಣ ದಂಡೆಯಿಂದ ಬಂದಿದ್ದ ಜ್ಞಾನಶಿವಾಚಾರ್ಯರೆಂಬ ಶೈವ ಯತಿಗಳು ಪಟ್ಟದಕಲ್ಲಿನಲ್ಲಿ ಕಲ್ಲಿನ ಕಂಬವೊಂದನ್ನು ನಿಲ್ಲಿಸಿದರು. ಅದರ ಶಾಸನದಲ್ಲಿ ಅಕ್ಕತಂಗಿಯರ ಎರಡು ಗುಡಿಗಳ ಉಲ್ಲೇಖವಿದೆ. ಸಾಮ್ರಾಜ್ಯ ಕುಸಿಯುತ್ತಿದ್ದಾಗಲೂ ಅರಸಿಯ ಹೆಸರು ಯತಿಯ ನೆನಪಿನಲ್ಲಿ ಉಳಿದಿದ್ದಿತು.

ಕಂಚಿಯ ವಿಜಯದಿಂದ ಇಂದು ಯಾರಿಗೂ ಫಲವಿಲ್ಲ. ಲೋಕೇಶ್ವರನಿಗೆ ಮಾತ್ರ ಇಂದಿಗೂ ಪೂಜೆ ನಡೆಯುವುದು. ಗುಂಡ ಆಚಾರಿಯ ಹೆಸರು ಇಂದಿಗೂ ಓದಲು ಸಿಗುವುದು. ನಾವು ಗುಡಿ, ಮಠ, ಕಲ್ಯಾಣಮಂಟಪಗಳನ್ನು ಕಟ್ಟಿಸಿದಾಗ ದಾನಿಗಳ ಹೆಸರುಗಳನ್ನು ಮೊತ್ತದೊಡನೆ ಕಲ್ಲಿನಲ್ಲಿ ಕೆತ್ತಿಸುತ್ತೇವೆ. ಕಲ್ಲನ್ನು ಕಡೆದವನ ಹೆಸರು, ಗಾರೆಯನ್ನು ಹೊತ್ತವಳ ಹೆಸರು ಅಲ್ಲಿರುವುದೆ? ಕಾಯಕದ ಧರ್ಮವನ್ನು ಕೇಳಿರದ ಅರಸಿಯ ಗುಡಿಯಲ್ಲಿ ಆದುದು, ಆ ಧರ್ಮದಲ್ಲೇ ಹುಟ್ಟಿಬೆಳೆದ ನಮ್ಮ ಅಂಗಳದಲ್ಲಿ ಆಗದಿದ್ದರೆ, ನಮ್ಮ ಲಿಂಗಪೂಜೆಗೆ ಅರ್ಥವೆಲ್ಲಿ? ಭಕ್ತರು ಇದನ್ನು ತಮ್ಮಲ್ಲಿ ತಾವೇ ಕೇಳಿಕೊಳ್ಳತಕ್ಕದ್ದು.