ನಗ್ಗರದ ಚಿತ್ರಶಾಲೆ ಮತ್ತು ನಿಕೊಲಾಯ್ ರೋರಿಕ್

ಚಿತ್ರಶಾಲೆಗಳು ಮಹಾನಗರಗಳಿಗೆ ಮಾತ್ರವೇ ಮೀಸಲಾದ ವೈಭವವೆಂದು ಭಾವಿಸುವುದು ಲೋಕರೂಢಿ. ಹಿಮಾಚಲ ಪ್ರದೇಶದ ಕುಲ್ಲು ಕಣಿವೆಯಲ್ಲಿರುವ ನಗ್ಗರವೆಂಬ ಗ್ರಾಮವು ಈ ರೂಢಿಗೆ ಅಪವಾದವಾಗಿದೆ. ನಮ್ಮ ಪೂರ್ವಿಕರು ವಿಪಾಶಾ ಎಂದು ಕರೆದ ಬಿಯಾಸ್ ನದಿಯ ಎಡದಂಡೆಯ ಎತ್ತರದಲ್ಲಿ, ದೇವದಾರು ವೃಕ್ಷಗಳ ನಡುವೆ, ಅಲ್ಲೊಂದು ಮನೆಯುಂಟು. ಅದರ ಗೋಡೆಗಳ ಮೇಲೆ ತೂಗುಹಾಕಿರುವ ಹಿಮಶಿಖರಗಳ ಚಿತ್ರಗಳನ್ನು ಬರೆದವರು ಆ ಮನೆಯಲ್ಲಿಯೇ ಸುಮಾರು 19 ವರ್ಷ ಬಾಳಿ, ಅಲ್ಲಿಯೇ ದೇಹವಿಟ್ಟ ನಿಕೊಲಾಯ್ ರೋರಿಕ್ ಎಂಬ ಮಹನೀಯರು. ದೂರದ ರಷ್ಯದಲ್ಲಿ ಹುಟ್ಟಿದವರು ಹಿಮಾಲಯದ ಹಳ್ಳಿಯವರಾದ ಬಗೆಯನ್ನು ನಮ್ಮ ವಿದ್ಯಾರ್ಥಿಗಳಿಗೆ ತಿಳಿಸಬೇಕೆಂಬುದು ನಮ್ಮ ಬಯಕೆ.

ರೋರಿಕರು ಜನಿಸಿದುದು 1874ರ ಅಕ್ಟೋಬರಿನಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. ಬಾಲ್ಯದಲ್ಲಿ ತಮ್ಮ ಹಳ್ಳಿಯ ತೋಟದ ಸುತ್ತಣ ಪುರಾತನ ಸಮಾಧಿದಿಬ್ಬಗಳನ್ನು ಅಗೆಯುವುದರಲ್ಲಿ ಅವರಿಗೆ ಆಸಕ್ತಿ ಹುಟ್ಟಿತು. ಮಗನು ನ್ಯಾಯಶಾಸ್ತ್ರವನ್ನು ಓದಬೇಕೆಂಬುದು ತಂದೆಯ ಇಷ್ಟ. ಚಿತ್ರಕಲೆಯನ್ನು ಕಲಿಯಬೇಕೆಂಬುದು ಮಗನ ಹಂಬಲ. ತಂದೆಯ ಮಾತನ್ನು ಮೀರದೆ, ತಮ್ಮ ಹಂಬಲವನ್ನೂ ತೊರೆಯದೆ, ಅವರು 1893ರಲ್ಲಿ ವಿಶ್ವವಿದ್ಯಾನಿಲಯವನ್ನೂ ಕಲಾ ಅಕಾಡೆಮಿಯನ್ನೂ ಏಕಕಾಲದಲ್ಲಿ ಸೇರಿ ಎರಡು ವಿದ್ಯೆಗಳನ್ನೂ ಸಾಧಿಸಿದರು. 1901ರಲ್ಲಿ ಹೆಲೆನಾ ಎಂಬ ವಿದುಷಿಯನ್ನು ವರಿಸಿದರು. ಯೂರಿ, ಸ್ವೆತೊಸ್ಲಾವ್ ಎಂಬ ಇಬ್ಬರು ಮಕ್ಕಳಾದರು. 1903 ಮತ್ತು 1904ರಲ್ಲಿ ದಂಪತಿಗಳು ರಷ್ಯದ ಹಳೆಯ ಪಟ್ಟಣಗಳನ್ನು ಸಂಚರಿಸಿದಾಗ, ರೋರಿಕರು ಅಲ್ಲಿನ ಕೋಟೆ ದೇಗುಲಗಳ ಚಿತ್ರಗಳನ್ನು ಬರೆದರು. ಅನೇಕ ಕಟ್ಟಡಗಳು ಅನಾದರಕ್ಕೆ ಗುರಿಯಾಗಿ ಶಿಥಿಲವಾಗಿದ್ದುದು ಅವರ ಮನಸ್ಸನ್ನು ನೋಯಿಸಿತು. ಆ ನೋವು ಮುಂದೆ ಫಲ ಕೊಟ್ಟಿತು.

1913ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾದ ಸ್ಟ್ರಾವಿನ್‌ಸ್ಕಿಯವರ ವಸಂತೋತ್ಸವದ ನೃತ್ಯನಾಟಕಕ್ಕೆ ರಂಗಸಜ್ಜಿಕೆಯನ್ನೂ ಉಡುಪುಗಳನ್ನೂ ರಚಿಸಿಕೊಟ್ಟು ಅವರು ಯುರೋಪಿನಲ್ಲಿ ಖ್ಯಾತರಾದರು. 1917ರ ರಷ್ಯದ ಕ್ರಾಂತಿಯ ತರುವಾಯ ತಾಯ್ನಾಡಿನ ಹೊರಗೆ ಉಳಿದು, ಲಂಡನ್ನಿನಲ್ಲಿಯೂ ಅಮೆರಿಕದಲ್ಲಿಯೂ ಕೆಲಕಾಲ ಇದ್ದರು. ರವೀಂದ್ರನಾಥ ಠಾಕೂರರ ಪರಿಚಯವಾದುದು 1920ರಲ್ಲಿ, ಲಂಡನ್ನಿನಲ್ಲಿ. ಭಾರತವನ್ನು ಕಾಣುವ ಬಹುದಿನದ ಆಸೆ ಕೈಗೂಡಿ, 1923ರ ಡಿಸೆಂಬರಿನಲ್ಲಿ ಸಂಸಾರಸಮೇತರಾಗಿ ಅವರು ಬಂದಿಳಿದುದು ನಾವು ವಾಸಿಸುತ್ತಿರುವ ಈ ಮುಂಬಯಿಯಲ್ಲಿಯೇ!

1925ರಿಂದ 1928ರವರೆಗೆ ರೋರಿಕರು ಪತ್ನೀಪುತ್ರರೊಡನೆ ಮಧ್ಯ ಏಷ್ಯದ ಮಹಾಯಾತ್ರೆಯನ್ನು ಕೈಕೊಂಡರು. ಕಾಶ್ಮೀರ, ಲಡಾಖ್, ಖೋತಾನ್, ಆಲ್ಟಾಯ್, ಮಂಗೋಲಿಯ, ಟಿಬೆಟ್ಟುಗಳನ್ನು ಹಾದುಹೋದ ದುರ್ಗಮ ದಾರಿಯದು. 1927ರ ಚಳಿಗಾಲದಲ್ಲಿ ಟಿಬೆಟ್ಟಿನ ಅಧಿಕಾರಿಗಳು ತಂಡವನ್ನು ಪ್ರಸ್ಥಭೂಮಿಯ ಮೇಲೆಯೇ ತಡೆದರು. ಸುಮಾರು ಐದು ತಿಂಗಳು ಬಟ್ಟೆಯ ಡೇರೆಗಳಲ್ಲಿ ಹಿಮವನ್ನು ಸಹಿಸಬೇಕಾಯಿತು. ತಂಡದಲ್ಲಿ ಕೆಲವರು ಪ್ರಾಣಬಿಟ್ಟರು. ಹೊರೆ ಹೊರುವ ಪಶುಗಳಲ್ಲಿ ಹೆಚ್ಚಿನವು ಸತ್ತವು. ಇಷ್ಟೆಲ್ಲ ಕಷ್ಟದಲ್ಲಿಯೂ ಚಿತ್ರರಚನೆ ನಿಲ್ಲಲಿಲ್ಲವೆಂಬುದು ಸೋಜಿಗದ ಸಂಗತಿ.

1928ರ ಕೊನೆಯಲ್ಲಿ ಅವರು ನಗ್ಗರಕ್ಕೆ ಬಂದು ನೆಲೆಸಿದರು. ಅಲ್ಲಿ ಉರುಸ್ವತಿ ಎಂಬ ಹಿಮಾಲಯ ಸಂಶೋಧನಾಲಯವು ಕೆಲಸಮಾಡತೊಡಗಿತು. ಬೆಟ್ಟದ ಗಿಡಮೂಲಿಕೆಗಳು, ಟಿಬೆಟ್ಟಿನ ವೈದ್ಯ, ಭಾಷೆ, ಪ್ರಾಚೀನ ವಸ್ತುಗಳು ಅದರ ಅಧ್ಯಯನದ ವಿಷಯಗಳಾಗಿದ್ದವು. ಹಿರಿಯ ಮಗ ಯೂರಿ ಅದರ ನಿರ್ದೇಶಕರು. ಯುದ್ಧಕಾಲದಲ್ಲಿಯೂ ಕಲೆ, ವಿದ್ಯೆಗಳ ಮಂದಿರಗಳಿಗೆ ಕೇಡು ತಗುಲಬಾರದೆಂದು ರೋರಿಕರು ಪ್ರತಿಪಾದಿಸಿದ ಒಪ್ಪಂದಕ್ಕೆ 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕ ಖಂಡಗಳ 21 ರಾಷ್ಟ್ರಗಳು ಸಹಿಮಾಡಿದವು. ರಷ್ಯದ ಶಿಥಿಲ ದೇಗುಲಗಳನ್ನು ಕಂಡು ನೊಂದ ತರುಣನ ಸಂಕಲ್ಪವು ಹೀಗೆ 30 ವರ್ಷಗಳ ಮೇಲೆ ಕೈಗೂಡಿತು. ಆದರೆ ಕಾಗದದ ಒಪ್ಪಂದವು ಫಿರಂಗಿಯನ್ನು ತಡೆಯಲಾರದೆಂಬುದನ್ನು ಎರಡನೆಯ ಮಹಾಯುದ್ಧವು ಬೇಗನೆ ತೋರಿಸಿತು. ಆದರೂ ರೋರಿಕರು ಧೃತಿಗೆಡಲಿಲ್ಲ. 1942ರಲ್ಲಿ ಜವಾಹರಲಾಲ ನೆಹರೂ ಅವರು ಮಗಳು ಇಂದಿರೆಯೊಡನೆ ನಗ್ಗರಕ್ಕೆ ಬಂದು ಅವರ ಅತಿಥಿಗಳಾಗಿದ್ದರು.

ಹಿಮಾಲಯವನ್ನು ಇಷ್ಟು ಪ್ರೀತಿಸಿದವರು ತಾಯ್ನಾಡನ್ನು ಮರೆತಿದ್ದರೇ? ಇಲ್ಲ. ಯುದ್ಧವು ಮುಗಿದ ಮೇಲೆ ರಷ್ಯಕ್ಕೆ ಮರಳಲು ಅವರು ಅನುಮತಿ ಬೇಡಿದರು. ಆ ಬಯಕೆ ನೆರವೇರುವ ಮೊದಲೇ, 1947ರ ಡಿಸೆಂಬರ್ 13ರಂದು, ಭಾರತವು ಸ್ವತಂತ್ರವಾದ ನಾಲ್ಕೇ ತಿಂಗಳಲ್ಲಿ, ನಗ್ಗರದಲ್ಲಿಯೇ ತೀರಿಕೊಂಡರು. ಅವರ ದೇಹಕ್ಕೆ ಅಲ್ಲಿಯೇ ಅಗ್ನಿಸಂಸ್ಕಾರವಾಯಿತು. ಆ ಸ್ಥಳದಲ್ಲಿ ಸ್ಮಾರಕಶಿಲೆಯೊಂದು ನಿಂತಿದೆ. 1957ರಲ್ಲಿ ಯೂರಿ ಮಾಸ್ಕೋಗೆ ಮರಳಿದರು; ಮರುವರ್ಷ ಅಲ್ಲಿ ತಂದೆಯ ಚಿತ್ರಗಳ ಪ್ರದರ್ಶನ ನಡೆಯಿತು. ಹೀಗೆ, ಚಿತ್ರಕಾರರು ಹೋಗಲಾರದ ಊರಿಗೆ ಅವರ ಚಿತ್ರಗಳು ಹೋದವು.

ಕಿರಿಯ ಮಗ ಸ್ವೆತೊಸ್ಲಾವರೂ ಶ್ರೇಷ್ಠ ಚಿತ್ರಕಾರರು. ಅವರು 1945ರಲ್ಲಿ ಪ್ರಸಿದ್ಧ ನಟಿ ದೇವಿಕಾರಾಣಿಯವರನ್ನು ಮದುವೆಯಾಗಿ, ಮುಂದೆ ನಮ್ಮ ಬೆಂಗಳೂರಿನ ಬಳಿಯ ತಾತಗುಣಿಯಲ್ಲಿ ನೆಲೆಸಿ, 1993ರಲ್ಲಿ ಕನ್ನಡನಾಡಿನಲ್ಲಿಯೇ ಕಾಲವಾದರು. ನಗ್ಗರದ ಮನೆಯು ಚಿತ್ರಶಾಲೆಯಾಗಿ ಉಳಿದು ಬಂದುದರಲ್ಲಿ ಅವರ ಶ್ರಮ ದೊಡ್ಡದು.

ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಈ ಮಹಾನಗರವನ್ನು ಸೇರಿರುವ ನಮ್ಮಂಥವರ ಮಕ್ಕಳು, ನಾವು ಇಲ್ಲಿಯವರೋ ಅಲ್ಲಿಯವರೋ ಎಂದು ಒಮ್ಮೊಮ್ಮೆ ಕೇಳುವುದುಂಟು. ರೋರಿಕರ ಬಾಳನ್ನು ನೋಡಿದರೆ ಈ ಎರಡರಲ್ಲಿ ಒಂದನ್ನು ತೊರೆಯಬೇಕೆಂಬ ನಿಯಮವೇ ಇಲ್ಲವೆಂದು ನಮಗೆ ತೋರುತ್ತದೆ. ಹುಟ್ಟಿದ ನೆಲದ ಹಂಬಲವನ್ನು ಕೊನೆಯವರೆಗೂ ಕಾಪಾಡಿಕೊಂಡೇ ಅವರು ಆಶ್ರಯವಿತ್ತ ನೆಲದ ಋಣವನ್ನು ತಮ್ಮ ಕುಂಚದಿಂದ ತೀರಿಸಿದರು. ನಮ್ಮ ಶಾಲೆಯ ಮಕ್ಕಳೂ ಮನೆಯ ನುಡಿಯನ್ನು ಬಿಡದೆ, ಈ ನಗರಕ್ಕೂ ಬೇಕಾದವರಾಗಿ ಬೆಳೆಯಲೆಂದು ಹಾರೈಸುತ್ತೇವೆ.